ನಗುತ್ತಾ ಬಾಗಿಲು ತೆರೆದವಳು

ಭಾನುವಾರ, ಮಾರ್ಚ್ 9

ಪ್ರೀತಿಯ ಅತ್ತಿಗೆ,

ನನ್ನ ಕೆಲಸ ಖಾಯಂ ಆಯಿತು! ಮೊದಲು ಅದನ್ನು ಕೂಗಿಬಿಟ್ಟೆ, ನಮಸ್ಕಾರ ಈಗ. ಮದುವೆಯಾಗಿ ಹೋದವಳು ಒಂದು ಸಾಲೂ ಬರೆಯಲಿಲ್ಲ ಎಂದು ನೀವು ಮುಖ ಊದಿಸಿಕೊಂಡಿದ್ದೀರೆಂದು ಅಣ್ಣ ಫೋನಿನಲ್ಲಿ ಹೇಳಿದ. ತಪ್ಪಾಯಿತು, ಅತ್ತಿಗೆ. ದಿನಾ ಪೆನ್ನು ಹಿಡಿಯುತ್ತಿದ್ದೆ, ದಿನಾ ಕೆಳಗಿಡುತ್ತಿದ್ದೆ. ಇಂಗ್ಲಿಷ್ ಶಾಲೆಯಲ್ಲಿ ಓದಿದವಳ ಒತ್ತಕ್ಷರಗಳನ್ನು ದಯವಿಟ್ಟು ಅಣ್ಣನಿಗೆ ತೋರಿಸಬೇಡಿ, ವರ್ಷವಿಡೀ ಆಡಿಕೊಳ್ಳುತ್ತಾನೆ.

ನಮ್ಮವರು, ಅದೇ ನಿಮ್ಮ ಒಂಟೆ, ಚೆನ್ನಾಗಿದ್ದಾರೆ. ನೀವು ಮದುವೆಮನೆಯಲ್ಲಿ ಇಟ್ಟ ಹೆಸರು ಈಗ ಅವರ ಆಫೀಸಿನವರೆಗೂ ಹೋಗಿದೆ, ಪುಣ್ಯಾತ್ಗಿತ್ತಿ! ಬೆಳಿಗ್ಗೆ ಅವರೇ ಕಾಫಿ ಮಾಡುತ್ತಾರೆ, ಸಕ್ಕರೆ ಮರೆಯುತ್ತಾರೆ, ಕೇಳಿದರೆ "ನೀನೊಂದ್ಸಲ ಬೆರಳು ಅದ್ದು, ಸಾಕು" ಎನ್ನುತ್ತಾರೆ. ಓದಿ ನಗಬೇಡಿ. ನಾನಂತೂ ಇಡೀ ದಿನ ಹಲ್ಲು ಕಿಸಿದುಕೊಂಡೇ ಓಡಾಡುತ್ತಿದ್ದೆ. ನಮ್ಮ ವಾರ್ಡಿನ ನರ್ಸಮ್ಮ "ಡಾಕ್ಟ್ರಮ್ಮಾ, ಸ್ವಲ್ಪ ಬಾಯಿ ಮುಚ್ಕೊಳ್ಳಿ, ನೊಣ ಹೋದೀತು" ಎಂದು ರೇಗಿಸುತ್ತಿದ್ದರು.

ಖಾಯಂ ಆದ ಸುದ್ದಿಯನ್ನು ದೊಡ್ಡ ಡಾಕ್ಟರು ನಿನ್ನೆ ಎಲ್ಲರ ಎದುರೇ ಹೇಳಿದರು. "ಹೊಸ ಡಾಕ್ಟ್ರಲ್ಲಿ ನಾನು ಪುಸ್ತಕದ ಬುದ್ಧಿ ಹುಡುಕೋದಿಲ್ಲ. ಈ ಹುಡುಗಿ ಸೂಜಿ ಹಿಡಿದ್ರೆ ಕೈ ನಡುಗಲ್ಲ. ಗೊತ್ತಿಲ್ದಿದ್ರೆ ಗೊತ್ತಿಲ್ಲ ಅಂತ ಬಂದು ಕೇಳ್ತಾಳೆ. ಹೋದ ತಿಂಗಳು ಆ ವಾಚ್ ರಿಪೇರಿಯವರು ತೀರ್ಕೊಂಡಾಗ ಮನೆಯವರ ಎದುರು ಎಷ್ಟು ಗಟ್ಟಿಯಾಗಿ ನಿಂತ್ಲು! ಅದು ಕಲಿಸಿ ಬರೋದಲ್ಲ" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ತಲೆ ತಗ್ಗಿಸಿದೆ. "ನೋಡ್ರೋ, ಎಷ್ಟು ವಿನಯ" ಎಂದು ಪಕ್ಕದವನು ಪಿಸುಗುಟ್ಟಿದ. ನನಗೆ ನೆಲ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು.

ಅವತ್ತು ನಡೆದದ್ದನ್ನು ನಿಮಗೆ ಹೇಳುತ್ತೇನೆ. ಮಧ್ಯಾಹ್ನ. ವಾಚ್ ರಿಪೇರಿಯವರ ಹೃದಯ ನಿಂತುಹೋಗಿತ್ತು. ಒಬ್ಬರ ಕೈ ಸೋತರೆ ಇನ್ನೊಬ್ಬರಂತೆ ಎದೆ ಒತ್ತಿದೆವು, ಮರಳಲಿಲ್ಲ. ದೊಡ್ಡ ಡಾಕ್ಟರು ಗಡಿಯಾರ ನೋಡಿ, "ಸಾಕು" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಅವರ ಹೆಂಡತೀನ ಆಚೆ ಕೋಣೆಗೆ ಕರ್ಕೊಂಡು ಹೋಗಿ ಕೂರಿಸು. ಏನೂ ಹೇಳ್ಬೇಡ. ಕೈ ತೊಳ್ಕೊಂಡು ಬರ್ತೀನಿ, ಒಟ್ಟಿಗೆ ಹೇಳೋಣ" ಎಂದರು. ಇದನ್ನೆಲ್ಲ ನಮಗೆ ಕಲಿಸಿದ್ದರು, ಅತ್ತಿಗೆ. ನಾಟಕದ ಒಬ್ಬ ಹೆಂಗಸನ್ನು ಕರೆಸಿ ವಿಧವೆಯ ಪಾತ್ರ ಮಾಡಿಸಿ ಪರೀಕ್ಷೆಯನ್ನೂ ಮಾಡಿದ್ದರು. ಮೊದಲು ಕೂರಿಸು, ಕಣ್ಣಲ್ಲಿ ಕಣ್ಣಿಡು, ಸುತ್ತಿ ಬಳಸಬೇಡ, ಫೋನು ಆರಿಸಿಡು. ನನಗೆ ಪೂರಾ ಅಂಕ ಬಂದಿತ್ತು.

ಫೋನು ಆರಿಸಿರಲಿಲ್ಲ. ಬಾಗಿಲ ಹತ್ತಿರ ಹೋಗುವಾಗ ಜೇಬಿನಲ್ಲಿ ಗುಂಯ್ ಎಂದಿತು. ನೋಡಬಾರದಿತ್ತು, ನೋಡಿದೆ. ಒಂಟೆ ಕಳಿಸಿದ ಫೋಟೋ. ಹೊಸ ಮಂಚವನ್ನು ಮೆಟ್ಟಿಲ ಮೇಲೆ ಹತ್ತಿಸಲು ಹೋಗಿ ಅದು ತಿರುವಿನಲ್ಲಿ ಸಿಕ್ಕಿಕೊಂಡಿದೆ. ಅವರು ಮೇಲಿನ ಕಡೆ, ಇಳಿಯಲು ದಾರಿಯೇ ಇಲ್ಲ, ಮಂಚದ ಕಾಲುಗಳ ನಡುವೆ ಆ ಉದ್ದನೆಯ ಮುಖ. ಕೆಳಗೆ "ನೀನು ಬರೋವರೆಗೆ ನಾನು ಇಲ್ಲೇ ಸಂಸಾರ ಮಾಡ್ತೀನಿ" ಎಂದು ಬರೆದಿದ್ದರು. ನಗು ಬಂದುಬಿಟ್ಟಿತು. ಹಿಂದೆ ಒಬ್ಬ ಮನುಷ್ಯನ ಮೈ ಇನ್ನೂ ಬೆಚ್ಚಗಿತ್ತು, ಮುಂದೆ ಅವರ ಹೆಂಡತಿ ಕಾಯುತ್ತಿದ್ದರು, ನಡುವೆ ನಾನು ನಗುತ್ತಾ ಬಾಗಿಲು ತೆರೆದೆ.

ಆಕೆ ಬೆಂಚಿನಿಂದ ಧಡಕ್ಕನೆ ಎದ್ದರು. "ನಗ್ತಾ ಬಂದ್ರಲ್ಲ ಡಾಕ್ಟ್ರೇ! ಉಳ್ಕೊಂಡ್ರಾ?" ಎಂದರು. ನಾನು ಫೋನನ್ನು ಜೇಬಿಗೆ ತುರುಕಿದೆ. ಅಷ್ಟರಲ್ಲಿ ಆಕೆ ಮಗಳಿಗೆ ಫೋನು ಹಚ್ಚಿ, "ಅಪ್ಪಂಗೇನೂ ಆಗಿಲ್ವಂತೆ ಕಣೇ, ಅಳಬೇಡ್ವೇ" ಎಂದು ತಾನೇ ಅಳತೊಡಗಿದರು. ದೊಡ್ಡ ಡಾಕ್ಟರು ಬಂದರು, ಕೂರಿಸಿದರು, ಹೇಳಿದರು. ಆಕೆ ಬಹಳ ಹೊತ್ತು ನನ್ನನ್ನೇ ನೋಡಿದರು. ಡಾಕ್ಟರು "ಇವಳೇನಾದ್ರೂ ಹೇಳಿದ್ಲಾ?" ಎಂದು ಕೇಳಿದಾಗ, "ಇಲ್ಲ ಸಾರ್. ನಾನೇ ಮುಖ ನೋಡಿ ಏನೋ ಅಂದ್ಕೊಂಡೆ. ಮಗು ಸುಮ್ನೆ ನಿಂತಿತ್ತು" ಎಂದರು.

ಹಾಗೆ ನಾನು ಗಟ್ಟಿ ಹುಡುಗಿಯಾದೆ.

ಒಂಟೆಗೆ ಇದ್ಯಾವುದನ್ನೂ ಹೇಳಿಲ್ಲ. ಪಾಪ, ಆ ಫೋಟೋ ದೊಡ್ಡದು ಮಾಡಿಸಿ ಗೋಡೆಗೆ ಹಾಕಿದ್ದಾರೆ. ಅದರ ಎದುರಿಗೇ ದಿನಾ ಊಟ ಮಾಡುತ್ತೇನೆ. ಅಣ್ಣನಿಗೆ ನಮಸ್ಕಾರ, ಚಿಳ್ಳೆಪಿಳ್ಳೆಗಳಿಗೆ ಕೆನ್ನೆ ಹಿಂಡಿದ ಮುತ್ತು. ನೀವು ಎಲ್ಲರೂ ನೂರು ವರ್ಷ ಬಾಳಿ, ನನಗೂ ಒಂದಿಷ್ಟು ಬುದ್ಧಿ ಬರಲೆಂದು ಹರಸಿ.

ನಿಮ್ಮ ತಲೆಹರಟೆ ನಾದಿನಿ

ಮತ್ತೆ: ಅತ್ತಿಗೆ, ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ನಾನು ಸುಮ್ಮನೆ ನಿಂತಿರಲಿಲ್ಲ. "ಉಳ್ಕೊಂಡ್ರಾ?" ಎಂದು ಕೇಳಿದಾಗ ತಲೆಯಾಡಿಸಿದೆ. ಹೌದೆಂದು. ಆಕೆಯ ಮುಖದಲ್ಲಿ ಬಂದ ಆ ಬೆಳಕನ್ನು ಆರಿಸಲು ನನಗೆ ಧೈರ್ಯ ಬರಲಿಲ್ಲ, ಆ ಕೆಲಸ ದೊಡ್ಡ ಡಾಕ್ಟರು ಮಾಡಲಿ ಎಂದುಕೊಂಡೆ. ಆಕೆ ಚೀಲದಿಂದ ಗಂಡನ ಚಪ್ಪಲಿಗಳನ್ನು ತೆಗೆದು, ಸೆರಗಿನಿಂದ ಒರೆಸಿ, ಅವರು ಎದ್ದು ಬಂದು ಮೆಟ್ಟಲಿ ಎಂದು ಬಾಗಿಲ ಮುಂದೆ ಜೋಡಿಸಿಟ್ಟರು. ನಾನು ನೋಡುತ್ತಾ ನಿಂತಿದ್ದೆ. ಅಷ್ಟಾದ ಮೇಲೂ ಆಕೆ ನನ್ನನ್ನು ಬಿಟ್ಟುಕೊಡಲಿಲ್ಲ.

ನಾಳೆ ಬೆಳಿಗ್ಗೆಯೇ ದೊಡ್ಡ ಡಾಕ್ಟರಿಗೆ ಹೇಳುತ್ತೇನೆ. ಆಮೇಲೆ ಖಾಯಂ ಉಳಿದರೆ ಉಳಿಯಲಿ, ಹೋದರೆ ಹೋಗಲಿ. ಆಕೆಯ ಮನೆ ನಿಮ್ಮೂರಿನಲ್ಲೇ, ಸ್ಟೇಷನ್ನಿನ ಹಿಂದಿನ ರಸ್ತೆಯಲ್ಲಂತೆ. ಹೋಗಿ ಏನು ಹೇಳಬೇಕೆಂದು ಗೊತ್ತಿಲ್ಲ. ಬಾಗಿಲು ಹಾಕಿದರೂ ಸರಿ, ಬೈದರೂ ಸರಿ. ನೀವು ಒಳಗೆ ಬರುವುದು ಬೇಡ, ಗೇಟಿನವರೆಗೆ ಜೊತೆಗೆ ಬಂದರೆ ಸಾಕು. ಒಬ್ಬಳೇ ಬರುತ್ತಿದ್ದೇನೆ, ಗುರುವಾರ, ಬೆಳಗಿನ ಪ್ಯಾಸೆಂಜರ್ ಗಾಡಿಗೆ.