ಗೋಳಿಬಜೆ ತಿಂದ ಭಾನುವಾರ

ಪಪ್ಪಾ,

ನಾನು ನಿಮಗೆ ಕನ್ನಡದಲ್ಲಿ ಬರೆಯುತ್ತಿರುವ ಮೊದಲ ಕಾಗದ ಇದು. ಶಾಲೆಯ ಹಾಸ್ಟೆಲಿನಿಂದ ಬರೆದದ್ದೆಲ್ಲ ಇಂಗ್ಲಿಷಿನಲ್ಲಿ. ಹಾಗೆಯೇ ಬರೆಯಬೇಕೆಂದು ನಿಯಮವಿತ್ತು, ವಾರ್ಡನ್ ಮಿಸ್ ಓದಿ ತಿದ್ದಿ ಲಕೋಟೆಗೆ ಹಾಕುತ್ತಿದ್ದರು. ಅದನ್ನೆಲ್ಲ ನೀವು ಕಡಬ ಪೇಟೆಯ ಮೆಡಿಕಲ್ ಅಂಗಡಿಯವರ ಹತ್ತಿರ ಓದಿಸಿಕೊಳ್ಳುತ್ತಿದ್ದಿರಂತೆ. ನೀವು ತೀರಿಹೋದ ಮೇಲೆ ಅವರೇ ಹೇಳಿದರು. ನನಗೆ ಒಂದು ಸಲವಾದರೂ ಹೇಳಬಾರದಿತ್ತೇ? ಇದರಲ್ಲಿ ಕಾಗುಣಿತ ತಪ್ಪಿದ್ದರೆ ಕ್ಷಮಿಸಿ, ಈ ಸಲ ತಿದ್ದುವವರು ಯಾರೂ ಇಲ್ಲ.

ಈಗ ಶನಿವಾರ ಮಧ್ಯಾಹ್ನ ಮೂರು ಗಂಟೆ. ಪುತ್ತೂರಿನಿಂದ ಬೆಳಗ್ಗಿನ ಬಸ್ಸಿಗೆ ಬಂದು ನಮ್ಮ ಅಡುಗೆಮನೆಯಲ್ಲಿ ಕೂತಿದ್ದೇನೆ, ಎದುರಿಗೆ ಹಿಟ್ಟಿನ ಪಾತ್ರೆ. ನಾಳೆ ತಿಂಗಳ ಮೊದಲ ಭಾನುವಾರ, ಚರ್ಚಿನಲ್ಲಿ ರೊಟ್ಟಿ ಮುರಿದು ಹಂಚುವ ಕರ್ತನ ಭೋಜನ. ಯಾವ ತಿಂಗಳು ಯಾರ ಮನೆಯಿಂದ ರೊಟ್ಟಿ ಎಂದು ಬರೆದು ಅಂಟಿಸಿದ ಪಟ್ಟಿಯಲ್ಲಿ ಈ ತಿಂಗಳಿಗೆ ಇನ್ನೂ ನಿಮ್ಮ ಹೆಸರೇ ಇದೆ. ನಮ್ಮ ಪಾದ್ರಿ ಅಯ್ಯನವರು ಮಮ್ಮಿಗೆ ಫೋನ್ ಮಾಡಿ, "ಕಷ್ಟ ಆಗುದಾದ್ರೆ ಬೇರೆ ಮನೆಗೆ ಹೇಳುವ" ಎಂದರಂತೆ. ಮಮ್ಮಿ, "ಎಂತ ಕಷ್ಟ? ಮಗಳು ಬರ್ತಾಳೆ, ಅವಳೇ ಮಾಡ್ತಾಳೆ" ಎಂದುಬಿಟ್ಟರು. ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆ? ಆ ರೊಟ್ಟಿ ಮುಟ್ಟಲಿಕ್ಕೆ ನನಗೆ ಹೆದರಿಕೆ ಎಂದೇ? ಹಾಗೆಂದರೆ ಕಾರಣವನ್ನೂ ಹೇಳಬೇಕಾಗುತ್ತಿತ್ತು... ನಿಮಗೆ ಹೇಳುತ್ತೇನೆ. ಸ್ವಲ್ಪ ತಡೆಯಿರಿ.

ನಿಮ್ಮ ಸರದಿಯ ಶನಿವಾರಗಳು ನೆನಪಾಗುತ್ತಿವೆ. ಉಳಿದ ಮನೆಗಳಲ್ಲಿ ಹೆಂಗಸರು ರೊಟ್ಟಿ ಮಾಡುತ್ತಿದ್ದರು, ನಮ್ಮಲ್ಲಿ ಮಾತ್ರ ಪಂಪು ರಿಪೇರಿಯ ನೀವು. ಅಂಗಡಿ ಬೇಗ ಮುಚ್ಚಿ ಬಂದು, ಉಗುರಿನ ಸಂದಿಯ ಗ್ರೀಸು ಹೋಗುವವರೆಗೆ ತೆಂಗಿನ ನಾರಿನಲ್ಲಿ ಕೈ ತಿಕ್ಕಿ, ಹುಳಿ ಬೆರೆಸದ ಹಿಟ್ಟು ನಾದಿ ಕಾವಲಿಯ ಮೇಲೆ ಬೇಯಿಸುತ್ತಿದ್ದಿರಿ. ಮುರಿಯುವಾಗ ಅಯ್ಯನವರಿಗೆ ಸುಲಭವಾಗಲೆಂದು ಅದರ ಮೇಲೆ ಗೆರೆ ಎಳೆಯಲಿಕ್ಕೆ ಹೊಸ ಹ್ಯಾಕ್ಸಾ ಬ್ಲೇಡೊಂದನ್ನು ಬೇರೆಯೇ ತೆಗೆದಿಟ್ಟಿದ್ದಿರಿ. "ಕರ್ತನ ರೊಟ್ಟಿಗೆ ಗರಗಸವಾ?" ಎಂದು ಮಮ್ಮಿ ಬೈದರೆ, "ಒಳಗೆ ಬೇರಿಂಗ್ ಹಾಕಲಿಲ್ಲ ಅಲ್ವಾ, ಅದಕ್ಕೆ ಖುಷಿಪಡು" ಎನ್ನುತ್ತಿದ್ದಿರಿ. ನೀವು ಹಾಗೆ ತಮಾಷೆ ಮಾಡುವಾಗ ನಾನು ಮನಸ್ಸಿನಲ್ಲೇ ಕ್ಷಮೆ ಬೇಡುತ್ತಿದ್ದೆ. ದೇವರು ಕೇಳಿಸಿಕೊಂಡರೆ?

ಹತ್ತನೇ ಕ್ಲಾಸಿನ ಪರೀಕ್ಷೆ ಮುಗಿಸಿ ಬಂದ ಆ ಬೇಸಿಗೆ. ಒಂದು ಭಾನುವಾರ ಅಯ್ಯನವರ ಉಪದೇಶದ ನಡುವೆ ಪೆರಾಬೆಯ ಭಟ್ಟರು ಚರ್ಚಿನ ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ನಿಂತಿದ್ದರು. ತೋಟದ ಪಂಪು ನಿಂತು ಮೂರು ದಿನವಾಗಿತ್ತು. ನೀವು ಮೆಲ್ಲನೆ ಎದ್ದು ಹೋದದ್ದನ್ನು ಕಂಡು ನಾನೂ ಹಿಂದೆಯೇ ಬಂದೆ.

"ಪ್ರಾರ್ಥನೆ ಮುಗೀಲಿ ಮಾರಾಯ್ರೆ, ನಾನು ಕಾಯ್ತೇನೆ" ಎಂದರು ಭಟ್ಟರು.

"ನೀವು ಕಾಯ್ತೀರಿ. ನಿಮ್ಮ ಅಡಿಕೆ ಗಿಡ ಕಾಯ್ಬೇಕಲ್ಲ?"

"ಪಪ್ಪಾ, ಇವತ್ತು ಸಂಡೇ" ಎಂದೆ ನಾನು. "ಕೆಲಸ ಮಾಡ್ಬಾರ್ದು. ಆಜ್ಞೆ ಮೀರಿದ ಹಾಗೆ ಅಂತ ಮಿಸ್ ಹೇಳಿದ್ದಾರೆ."

"ನಿನ್ನ ಮಿಸ್ಸಿಗೆ ತೋಟ ಉಂಟಾ?"

ಭಟ್ಟರು ನಕ್ಕರು. ನನಗೆ ನಗು ಬರಲಿಲ್ಲ. ಸಂಜೆಯ ಮನೆಪ್ರಾರ್ಥನೆಯಲ್ಲಿ ನಾನೇ ಎದ್ದು ನಿಂತು, ಪಪ್ಪನ ಪಾಪವನ್ನು ಕ್ಷಮಿಸು ದೇವರೇ ಎಂದು ಗಟ್ಟಿಯಾಗಿ ಬೇಡಿದೆ. ಹದಿನಾರು ವರ್ಷದ ಹುಡುಗಿ, ಹೆತ್ತ ತಂದೆಯ ಎದುರೇ. ನೀವು ಎಲ್ಲರಿಗಿಂತ ಜೋರಾಗಿ "ಆಮೆನ್" ಎಂದಿರಿ. ಅದು ತಮಾಷೆಯೋ ನಿಜವೋ ಎಂದು ನನಗೆ ಇವತ್ತಿಗೂ ತಿಳಿಯಲಿಲ್ಲ. ನಿಜವೇ ಇದ್ದಿರಬೇಕು, ಅಲ್ಲವೇ?

ಅದಕ್ಕೂ ಮೊದಲಿನ ಇನ್ನೊಂದು ದಿನ, ನೀವು ಹಾಸ್ಟೆಲಿಗೆ ನನ್ನನ್ನು ನೋಡಲು ಬಂದ ದಿನ. ಊಟದ ಹಾಲಿನ ಗೋಡೆಯ ಮೇಲೆ ನಮ್ಮೆಲ್ಲರ ಹೆಸರಿನ ಚಾರ್ಟು ಇತ್ತಲ್ಲ, ಒಳ್ಳೆಯದಕ್ಕೆ ಚಿನ್ನದ ಬಣ್ಣದ ನಕ್ಷತ್ರ, ತಪ್ಪಿಗೆ ಕಪ್ಪು ಚುಕ್ಕೆ. ನೀವು ಅದರ ಮುಂದೆ ತುಂಬ ಹೊತ್ತು ನಿಂತು ನನ್ನ ಚುಕ್ಕೆಗಳ ಮೇಲೆ ಬೆರಳಿಟ್ಟು, "ಇದು ಎಂತಕ್ಕೆ?" ಎಂದು ಕೇಳಿದಿರಿ. ಸೈಲೆನ್ಸ್ ಟೈಮಿನಲ್ಲಿ ನಕ್ಕದ್ದಕ್ಕೆ, ಬೆಳಗಿನ ಪ್ರಾರ್ಥನೆಯಲ್ಲಿ ತೂಕಡಿಸಿದ್ದಕ್ಕೆ. ಮಿಸ್ ಬಂದಾಗ ನೀವು ಕೈಕಟ್ಟಿ ನಿಂತು ಕೇಳಿದಿರಿ, "ಮಿಸ್, ಇದು ಎಷ್ಟಾದ್ರೆ ಮಕ್ಕಳನ್ನು ಮನೆಗೆ ಕಳಿಸ್ತೀರಿ?"

"ಇಪ್ಪತ್ತಾದರೆ ಪೇರೆಂಟ್ಸಿಗೆ ಕಾಗದ ಹೋಗ್ತದೆ."

"ಹಾಗಾದ್ರೆ ಇವಳಿಗೆ ಈಗಲೇ ಇಪ್ಪತ್ತು ಹಾಕಿಬಿಡಿ. ನಾನು ಹೇಗೂ ಬಂದಿದ್ದೇನೆ, ಕರ್ಕೊಂಡು ಹೋಗ್ತೇನೆ."

ನನಗೆ ನಾಚಿಕೆಯಿಂದ ನೆಲ ಬಿರಿಯಬಾರದೇ ಎನಿಸಿತ್ತು. ನೀವು ಹೋದ ಮೇಲೆ ಬಾತ್‌ರೂಮಿನಲ್ಲಿ ಅತ್ತೆ. ಆ ದಿನ ನಿಮ್ಮ ಮಾತನ್ನು ನಾನು ಸರಿಯಾಗಿ ಕೇಳಿಸಿಕೊಂಡಿದ್ದರೆ... ಕೇಳಿಸಿಕೊಳ್ಳಲಿಲ್ಲ. ಪುತ್ತೂರಿನ ಕಾಲೇಜಿಗೆ ಸೇರಿದ ಮೇಲೆ ಗೋಡೆಯ ಚಾರ್ಟು ಇಲ್ಲದ್ದಕ್ಕೆ ನಾನೇ ಡೈರಿಯಲ್ಲಿ ಒಂದು ಮಾಡಿಕೊಂಡೆ. ಬೈಬಲ್ ಎಷ್ಟು ಅಧ್ಯಾಯ, ಉಪವಾಸ ಎಷ್ಟು ಹೊತ್ತು, ಕೆಟ್ಟ ಯೋಚನೆ ಎಷ್ಟು. ಬೇರೆ ಹುಡುಗಿಯರು ಹಾಸ್ಟೆಲ್ ಬಿಟ್ಟು ಬಂದರು, ನಾನು ಹಾಸ್ಟೆಲನ್ನೇ ಹೊತ್ತುಕೊಂಡು ಬಂದೆ.

ಈಗ ಆ ರೊಟ್ಟಿಯ ಹೆದರಿಕೆಗೆ ಕಾರಣ. ನೀವು ಹೋಗುವುದಕ್ಕೆ ಒಂಬತ್ತು ದಿನ ಮೊದಲಿನ ಭಾನುವಾರ. ಕರ್ತನ ಭೋಜನದ ದಿನ ಶನಿವಾರ ರಾತ್ರಿಯಿಂದ ಏನೂ ತಿನ್ನಬಾರದು, ಸರಿಯಾಗಿ ಸಿದ್ಧವಾಗದೆ ಆ ರೊಟ್ಟಿ ತೆಗೆದುಕೊಂಡರೆ ಮನೆಯವರಿಗೆ ಶಿಕ್ಷೆ ಬರುತ್ತದೆ ಎಂದು ಮಿಸ್ ನಮಗೆ ಪ್ರತಿ ತಿಂಗಳೂ ಹೇಳುತ್ತಿದ್ದರು. ಆ ಬೆಳಗ್ಗೆ ರೂಮ್‌ಮೇಟ್ ಪೂರ್ವಿ, ಸುಳ್ಯದ ಕಡೆಯ ಗೌಡರ ಹುಡುಗಿ, ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿಗೆ ನನ್ನನ್ನು ಎಳೆದುಕೊಂಡು ಹೋದಳು. ಎಣ್ಣೆಯಲ್ಲಿ ಆಗಷ್ಟೇ ಕರಿದ ಬಿಸಿ ಗೋಳಿಬಜೆ, ಚಟ್ನಿ. ಮರೆತು ತಿಂದೆ ಎಂದು ಹೇಳಬಹುದು, ಆದರೆ ನಿಮಗೆ ಸುಳ್ಳು ಹೇಳಿ ಏನು ಪ್ರಯೋಜನ? ನೆನಪಿತ್ತು. ಹಸಿವಾಗಿತ್ತು. ಮೂರು ತಿಂದೆ. ಅಲ್ಲಿಂದ ಪುತ್ತೂರಿನ ಚರ್ಚಿಗೆ ಹೋಗಿ, ಎಲ್ಲರ ಜೊತೆ ಮೊಣಕಾಲೂರಿ, ಅದೇ ಬಾಯಿಗೆ ಕರ್ತನ ರೊಟ್ಟಿಯನ್ನೂ ಹಾಕಿಕೊಂಡೆ. ಒಂಬತ್ತನೇ ದಿನ ಕೆಮಿಸ್ಟ್ರಿ ಲ್ಯಾಬಿನಲ್ಲಿದ್ದಾಗ ಫೋನ್ ಬಂತು. ನೀವು ಅಂಗಡಿಯ ಬೆಂಚಿನ ಮೇಲೆ ಮೋಟಾರು ಬಿಚ್ಚಿಟ್ಟವರು ಹಾಗೆಯೇ ಒರಗಿದಿರಂತೆ.

ನಿಮ್ಮನ್ನು ಮಣ್ಣಿಗೆ ಇಳಿಸುವಾಗ ಎಲ್ಲರೂ ಅಳುತ್ತಿದ್ದರು. ನಾನು ಗೋಳಿಬಜೆ ಲೆಕ್ಕ ಹಾಕುತ್ತಿದ್ದೆ. ಒಂದೇ ತಿಂದಿದ್ದರೆ ನಿಮಗೆ ಬರೀ ಜ್ವರ ಬರುತ್ತಿತ್ತೇನೋ ಎಂದು. ಹೀಗೆ ಯೋಚಿಸುವವರು ಇರುತ್ತಾರಾ ಪಪ್ಪಾ? ಆಮೇಲಿನ ಮೂರು ತಿಂಗಳ ಮೊದಲ ಭಾನುವಾರಗಳಲ್ಲೂ ರೊಟ್ಟಿ ಮುರಿಯುವ ಮೊದಲೇ ಹೊರಗೆ ಬಂದುಬಿಟ್ಟೆ. ಒಮ್ಮೆ ತಡೆಯಲಾರದೆ ಪೂರ್ವಿಗೆ ಹೇಳಿದೆ. ಅವಳು ಬಾಯಿ ತೆರೆದು ನೋಡಿ, "ಎಂತ ಮಾರಾಯ್ತಿ, ಬೆಳಗ್ಗೆ ಗೋಳಿಬಜೆ ತಿಂದದ್ದಕ್ಕೆ ದೇವರು ಅಪ್ಪನ್ನ ಕೊಂಡೋಗುದಾದ್ರೆ ಪುತ್ತೂರಿನಲ್ಲಿ ಯಾರ ಅಪ್ಪನೂ ಉಳೀಲಿಕ್ಕಿಲ್ಲ" ಎಂದಳು. ನಕ್ಕುಬಿಟ್ಟೆ. ನಕ್ಕ ತಕ್ಷಣ ಮಮ್ಮಿಗೆ ಏನಾದರೂ ಆದೀತೆಂದು ಹೆದರಿ ಮನೆಗೆ ಫೋನ್ ಮಾಡಿದೆ.

ಈಗ ರಾತ್ರಿ. ನಾಲ್ಕು ಗಂಟೆಗೆ ಕಾಗದ ಬದಿಗಿಟ್ಟು ಗ್ಯಾಸ್ ಹಚ್ಚಿದ್ದೆ. ಮೊದಲನೇ ರೊಟ್ಟಿ ಬಿರುಕು ಬಿಟ್ಟಿತು, ಎರಡನೇದು ಕರಟಿತು. ಮೂರನೇದಕ್ಕೆ ಹಿಟ್ಟು ತೆಗೆಯುವಾಗ ಮಮ್ಮಿ ಬಂದು, "ಎಷ್ಟು ಹಿಟ್ಟು ಹಾಳು ಮಾಡ್ತಿ? ಇದು ಪಬ್ಲಿಕ್ ಪರೀಕ್ಷೆಯಾ?" ಎಂದರು. ನಾನು ಮಾಡಿದ ರೊಟ್ಟಿಯನ್ನು ಸಭೆಯವರು ತಿನ್ನಬಾರದು ಎಂದೆ. ಯಾಕೆ ಎಂದರು. ಎಲ್ಲ ಹೇಳಿದೆ. ಅವರು ಗ್ಯಾಸ್ ಆರಿಸಿ ಕೂತರು. ಬೈಯುತ್ತಾರೆ ಎಂದುಕೊಂಡಿದ್ದೆ.

"ನಿನ್ನ ಪಪ್ಪನಿಗೆ ಬಿಪಿ ಇತ್ತು. ಮಾತ್ರೆ ಡಬ್ಬದಲ್ಲೇ ಇರ್ತಿತ್ತು, ನುಂಗ್ಲಿಕ್ಕೆ ಪುರುಸೊತ್ತಿಲ್ಲ. ಹೋದದ್ದು ಹಾರ್ಟಿಂದ. ತಿಳೀತಾ?" ಎಂದರು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, "ಆ ಜನ, ನಿನ್ನ ಪಪ್ಪ, ಒಂದು ದಿನ ಆದ್ರೂ ಖಾಲಿ ಹೊಟ್ಟೆಯಲ್ಲಿ ಕರ್ತನ ಭೋಜನಕ್ಕೆ ಹೋದದ್ದುಂಟಾ? ಆರು ನೀರುದೋಸೆ ಹೊಡೆದೇ ಹೋಗುದು. ಬೆಂದಿದೆಯಾ ನೋಡ್ಲಿಕ್ಕೆ ಅಂತ ಮೊದಲ ರೊಟ್ಟಿಯನ್ನು ಬೆಲ್ಲ ಹಚ್ಚಿ ತಿಂದೇ ಬಿಡುದು" ಎಂದರು.

ಹೌದಾ ಪಪ್ಪಾ? ಆರು ನೀರುದೋಸೆಯಾ? ನನಗೆ ಸಮಾಧಾನವಾಗಬೇಕಿತ್ತು. ಆದರೆ ನನ್ನ ತಲೆ ಎಂಥದ್ದು ನೋಡಿ, ಮರುಕ್ಷಣವೇ ಇನ್ನೊಂದು ಹೆದರಿಕೆ ಹುಟ್ಟಿತು: ಹಾಗಾದರೆ ನಿಮಗೆ ಹಾಗಾದದ್ದು ಆ ಬೆಲ್ಲಕ್ಕಾಗಿ... ಮಮ್ಮಿ ನನ್ನ ಮುಖ ನೋಡಿಯೇ, "ಏಳು, ಅಯ್ಯನವರ ಹತ್ತಿರ ಹೋಗಿ ಬಾ. ನನ್ನಿಂದ ಆಗುದಿಲ್ಲ ನಿನ್ನ ಹತ್ತಿರ" ಎಂದು ಎಬ್ಬಿಸಿದರು.

ಅಯ್ಯನವರು ಜಗಲಿಯಲ್ಲಿ ಕೂತು ಮರಗೆಣಸಿನ ಸಿಪ್ಪೆ ತೆಗೆಯುತ್ತಿದ್ದರು. ನಾನು ನಿಂತುಕೊಂಡೇ ಎಲ್ಲವನ್ನೂ ಒದರಿದೆ. ಅವರು ನಗಲಿಲ್ಲ. "ಈಗ ಎಂತ ಮಾಡಿದ್ರೆ ಸರಿ ಆಗ್ತದೆ ಅಂತ ನಿನಗೆ?" ಎಂದು ಕೇಳಿದರು. ಉತ್ತರ ರೆಡಿಯಾಗಿತ್ತು. ನಲವತ್ತು ದಿನ ಒಪ್ಪೊತ್ತು, ಮೊಬೈಲ್ ಇಲ್ಲ, ದಿನಕ್ಕೆ ಹತ್ತು ಅಧ್ಯಾಯ.

"ಅದೆಲ್ಲ ಮುಗಿದ ಮೇಲೆ ಹೆದರಿಕೆ ಹೋಗ್ತದಾ?"

ನಾನು ಯೋಚಿಸಿದೆ. "ಇಲ್ಲ. ಐವತ್ತು ಮಾಡ್ಬೇಕಿತ್ತು ಅಂತ ಅನ್ನಿಸ್ತದೆ."

"ಹೌದಲ್ಲ? ಯೇಸು ಶಿಲುಬೆಯಲ್ಲಿ ಎಲ್ಲ ಮಾಡಿ ಮುಗಿಸಿದ್ದಾನೆ ಅಂತ ನಾವು ನಂಬುದು. ಮುಗಿದ ಕೆಲಸವನ್ನು ನೀನು ಪುನಃ ಬಿಚ್ಚಿ ರಿಪೇರಿಗೆ ಕೂತರೆ ನಿನ್ನ ಪಪ್ಪನೇ ಬೈತಿದ್ರು." ಚೂರಿ ಕೆಳಗಿಟ್ಟರು. "ಉಪವಾಸ ಮಾಡ್ಬೇಡ ಅಂತ ನಾನು ಹೇಳುದಿಲ್ಲ. ಮನಸ್ಸಿದ್ರೆ ಮಾಡು. ಆದ್ರೆ ಅದನ್ನು ಕೊಟ್ಟು ದೇವರ ಪ್ರೀತಿ ತರ್ಲಿಕ್ಕೆ ಆಗುದಿಲ್ಲ. ಕರ್ತನ ಭೋಜನದ ಮೇಜಿಗೆ ಯೋಗ್ಯ ಅಂತ ಹೇಳಿ ಬರುವವರು ಯಾರೂ ಇಲ್ಲ ಮಗಾ. ನಾನೇ ಈಗ ಮನೆಯವಳ ಹತ್ತಿರ ಜಗಳ ಮಾಡಿ ಹೊರಗೆ ಬಂದು ಕೂತದ್ದು."

"ಕೇಳ್ತದೆ ನನಗೆ!" ಎಂದು ಒಳಗಿನಿಂದ ಅವರ ಹೆಂಡತಿಯ ದನಿ ಬಂತು.

"ಕೇಳ್ಲಿ" ಎಂದರು ಅಯ್ಯನವರು, ಮೆಲ್ಲಗೆ. ನಂಬಿಕೆ ಬರುವವರೆಗೆ ಕಾಯಲೇ ಎಂದು ನಾನು ಕೇಳಿದೆ, ಏಕೆಂದರೆ ನನ್ನೊಳಗೆ ಇರುವುದು ಬರೀ ಹೆದರಿಕೆ. "ಹೆದರಿಕೆ ಇದ್ರೆ ಇರ್ಲಿ. ಆ ಹೆದರುವ ಕೈಯನ್ನೇ ನೀಡು. ಅಷ್ಟೇ ನಂಬಿಕೆ ಸಾಕು" ಎಂದು, ಎರಡು ಗೆಣಸು ಕಟ್ಟಿ ಕೊಟ್ಟು ಕಳಿಸಿದರು. ಮನೆಗೆ ಬಂದು ಮೂರನೇ ರೊಟ್ಟಿ ಬೇಯಿಸಿದೆ. ಸ್ವಲ್ಪ ದಪ್ಪವಾಯಿತು. ಬಿಡಿ.

ಇಲ್ಲಿಂದ ಮುಂದೆ ಭಾನುವಾರ ಮಧ್ಯಾಹ್ನ ಬರೆಯುತ್ತಿದ್ದೇನೆ, ಪುತ್ತೂರಿಗೆ ಹೋಗುವ ಬಸ್ಸಿನಲ್ಲಿ. ಅಕ್ಷರ ಸೊಟ್ಟಗಿದ್ದರೆ ಅದು ರಸ್ತೆಯ ತಪ್ಪು.

ಬೆಳಗ್ಗೆ ಮಮ್ಮಿ ನನ್ನ ಎದುರು ದೋಸೆಯ ತಟ್ಟೆ ಇಟ್ಟು ಒಲೆಯ ಕಡೆ ಹೋದರು. ತಿಂದರೂ ಹೆದರಿಕೆ, ತಿನ್ನದಿದ್ದರೂ ಹೆದರಿಕೆ. ತಿಂದರೆ ಮಾತ್ರ ಧೈರ್ಯವಂತೆ ಎಂದು ಇನ್ನೊಂದು ನಿಯಮ ಮಾಡಿಕೊಳ್ಳುತ್ತಿದ್ದೇನೋ ಎಂದು ಅದಕ್ಕೂ ಹೆದರಿಕೆ! ಕೊನೆಗೆ ಹಸಿವಾಗಿದ್ದರಿಂದ ಎರಡು ದೋಸೆ ತಿಂದೆ. ಚರ್ಚಿನಲ್ಲಿ ಅಯ್ಯನವರು ರೊಟ್ಟಿ ಎತ್ತಿ ಮುರಿಯಲು ನೋಡಿದರು, ಅದು ಮುರಿಯಲಿಲ್ಲ. ಗೆರೆ ಎಳೆಯುವುದನ್ನು ಮರೆತಿದ್ದೆ. ಅವರು ಎರಡೂ ಕೈಯಲ್ಲಿ ಜಗ್ಗುವಾಗ ಹಿಂದಿನ ಬೆಂಚಿನ ಅಜ್ಜಿಯೊಬ್ಬರು, "ಪಂಪಿನವರ ಮಗಳಲ್ವಾ, ಗಟ್ಟಿ ಫಿಟ್ಟಿಂಗ್" ಎಂದರು. ನಾನು ಹೊರಗೆ ಹೋಗಲು ಎದ್ದವಳು, ಮುಂದಕ್ಕೆ ಹೋದೆ. ಹೆದರಿಕೆ ಹಾಗೆಯೇ ಇತ್ತು. ಕೈ ನೀಡಿದೆ. ತಿಂದೆ. ಬೆಳಕು ಬರಲಿಲ್ಲ, ದೇವರ ದನಿ ಕೇಳಲಿಲ್ಲ. ಬರೀ ಗೋಧಿ ರುಚಿ, ಮತ್ತು ಅದು ನನಗೂ ಸಿಕ್ಕಿತಲ್ಲ ಎಂಬ ಆಶ್ಚರ್ಯ.

ಈಗಷ್ಟೇ, ರಾಮಕುಂಜ ದಾಟಿದ ಮೇಲೆ, ಮೊಬೈಲ್ ರಿಂಗಾಯಿತು. ಮಮ್ಮಿಯ ನಂಬರು. ಲ್ಯಾಬಿಗೆ ಆ ಫೋನ್ ಬಂದಂದಿನಿಂದ ಹೀಗೆ ರಿಂಗಾದಾಗಲೆಲ್ಲ ನಾನು ಎತ್ತುವ ಮೊದಲು ದೇವರ ಹತ್ತಿರ ಚೌಕಾಸಿ ಮಾಡುತ್ತಿದ್ದೆ: ಮಮ್ಮಿಗೆ ಏನೂ ಆಗದಿದ್ದರೆ ಇಷ್ಟು ದಿನ ಊಟ ಬಿಡುತ್ತೇನೆ, ಇಷ್ಟು ಅಧ್ಯಾಯ ಓದುತ್ತೇನೆ, ಎಂದು. ಇವತ್ತೂ ಎದೆ ಹಾಗೆಯೇ ಹೊಡೆದುಕೊಂಡಿತು ಪಪ್ಪಾ, ನಿಮಗೆ ಸುಳ್ಳು ಹೇಳುವುದಿಲ್ಲ. ಹೆದರಿಕೆ ಹೋಗಿಲ್ಲ. ಆದರೆ ಇವತ್ತು ದೇವರಿಗೆ ಇಷ್ಟು ಕೊಡುತ್ತೇನೆ ಎಂಬ ಮಾತು ನನ್ನ ಬಾಯಿಗೆ ಬರಲಿಲ್ಲ. ಸುಮ್ಮನೆ ಫೋನ್ ಎತ್ತಿದೆ.

"ಚಾರ್ಜರ್ ಇಲ್ಲೇ ಬಿಟ್ಟು ಹೋಗಿದ್ದಿ, ಮಂಡೆ ಎಲ್ಲುಂಟು ನಿಂದು?" ಎಂದು ಮಮ್ಮಿ ಬೈಯುತ್ತಿದ್ದರು. ನಾನು ಕೇಳುತ್ತಾ ಕೂತೆ.

ನಿಮ್ಮ ಮಗಳು