ಮೂರಕ್ಷರದ ಊರು

ಸೊರಬ
ಭಾನುವಾರ, 10 ನವೆಂಬರ್ 2024

ಚಿ. ಸೌ. ಶ್ರೀಲತಾಳಿಗೆ ನಿನ್ನ ಅಕ್ಕನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಬೇಕು. ಬರೆಯುವುದಿಲ್ಲ. ನಿನ್ನಿಂದಾಗಿ ನನ್ನ ತಲೆ ಚಿಟ್ಟು ಹಿಡಿದಿದೆ. ಫೋನಿನಲ್ಲೇ ಬೈಯಬಹುದಿತ್ತು. ಆದರೆ ನಾನು ಬಾಯಿ ತೆರೆಯುವ ಹೊತ್ತಿಗೆ ಸರಿಯಾಗಿ ನಿಮ್ಮ ಪಾರ್ಲಿಮೆಂಟಿನಲ್ಲಿ ಮತ ಹಾಕುವ ಗಂಟೆ ಹೊಡೆಯುತ್ತದೆ, ಓಡಬೇಕು ಅಕ್ಕಾ ಎಂದು ನೀನು ಇಟ್ಟುಬಿಡುತ್ತೀಯ. ಕಾಗದಕ್ಕೆ ಗಂಟೆ ಕೇಳಿಸುವುದಿಲ್ಲ. ಕೂತು ಓದು.

ನೀನು ಗೆದ್ದಾಗಿನಿಂದ ನನ್ನ ಮನೆ ಎಂ.ಪಿ. ಆಫೀಸಾಗಿದೆ. ನಮ್ಮವರಿಗೆ ಎಂ.ಪಿ. ಅಂದರೆ ಎಂ.ಪಿ., ಇಂಗ್ಲೆಂಡಿನದಾದರೇನು, ಇಲ್ಲಿಯದಾದರೇನು? ಒಬ್ಬರಿಗೆ ಮಗನ ಟ್ರಾನ್ಸ್‌ಫರ್, ಇನ್ನೊಬ್ಬರಿಗೆ ಜಮೀನಿನ ಪಹಣಿ, ಕುಬಟೂರಿನವರಿಗೆ ಸಂಜೆಗೊಂದು ಬಸ್ಸು. ಅವಳಿಗೆ ಇಲ್ಲಿ ಯಾವ ಅಧಿಕಾರವೂ ಇಲ್ಲ ಎಂದರೆ, "ಒಂದು ಫೋನ್ ಮಾಡ್ಸಿ ಸಾಕು ರೀ, ಅಲ್ಲಿಂದ ಬಂತು ಅಂದ್ರೆ ಡಿ.ಸಿ.ನೂ ಎದ್ದು ನಿಲ್ತಾರೆ" ಎನ್ನುತ್ತಾರೆ. ನಿನ್ನ ಭಾವ ಗಂಭೀರವಾಗಿ ಅರ್ಜಿ ಇಸಿದುಕೊಂಡು ಚಹಾ ಕುಡಿದು ಹೋಗಿ ಎನ್ನುತ್ತಾರೆ. ಚಹಾ ಮಾಡುವವಳು ನಾನು.

ಅದನ್ನಾದರೂ ತಡೆದುಕೊಂಡೇನು. ಅಪ್ಪನ ವಿಷಯದಲ್ಲಿ ನನಗೆ ಸಾಕೋ ಸಾಕಾಗಿದೆ.

ನೀನು ನರ್ಸ್ ಕೆಲಸಕ್ಕೆಂದು ಆ ದೇಶಕ್ಕೆ ಹೊರಟಾಗ ಈಸೂರಿನಲ್ಲಿ ಜನ ಅಪ್ಪನನ್ನು ಎಷ್ಟು ಆಡಿಕೊಂಡರು, ನೆನಪಿದೆಯಾ? "ಬ್ರಿಟಿಷರಿಗೆ ಎದುರು ನಿಂತ ಊರಿನೋನು, ಮಗಳನ್ನ ಅಲ್ಲಿಗೇ ಕಳಿಸ್ತೀಯಲ್ಲೋ ಲೋಕಪ್ಪ" ಎಂದರು. ನೀನು ಆಸ್ಪತ್ರೆಯ ಯೂನಿಯನ್ನಿನಲ್ಲಿ ಜಗಳ ತೆಗೆದೆ, ಅಲ್ಲಿನ ಪುರಸಭೆಗೆ ಆರಿಸಿಬಂದೆ, ಪಾರ್ಲಿಮೆಂಟಿಗೆ ನಿಂತು ಒಮ್ಮೆ ಸೋತೆ, ಈ ವರ್ಷ ಗೆದ್ದೆ. ಆಗ ಅಪ್ಪ ಧರ್ಮಪ್ಪನ ಹೋಟೆಲಿನ ಮುಂದೆ ನಿಂತು, "ನಲವತ್ತೆರಡರಾಗ ನಮ್ಮಪ್ಪನ್ನ ಜೈಲಿಗೆ ಹಾಕಿದ್ರಲ್ಲ, ಅವರ ಸಭೆಯಾಗೇ ನನ್ನ ಮಗಳು ಈಸೂರು ಅಂತ ಹೆಸರು ಹೇಳ್ತಾಳೆ, ನೋಡ್ತಿರ್ರಿ" ಎಂದು ಸಾರಿದರು. ಫೋನಿನಲ್ಲಿ ಹೂಂ ಎಂದವಳು ನೀನೇ ತಾನೆ?

ನಿನ್ನ ಮೊದಲ ಭಾಷಣದ ದಿನ ನಾನೂ ಊರಿಗೆ ಹೋಗಿದ್ದೆ. ತಮ್ಮ ಗಿರೀಶ ಕುರಿಗಳನ್ನು ಬೇಗ ದೊಡ್ಡಿಗೆ ಕೂಡಿ ಟಿ.ವಿ.ಯನ್ನು ಜಗುಲಿಗೆ ತಂದಿಟ್ಟ. ಊರಿಗೆ ಊರೇ ಬಂದಿತ್ತು. ಅಪ್ಪ ಇಸ್ತ್ರಿ ಅಂಗಿ ಹಾಕಿ, ರುಮಾಲು ಸುತ್ತಿ ಮುಂದೆ ಕೂತರು. ನೀನು ನಿನಗಿಂತ ಮುಂಚೆ ಇದ್ದ ಎಂ.ಪಿ.ಯನ್ನು ಹೊಗಳಿದೆ, ಅಲ್ಲಿನ ಪದ್ಧತಿಯಂತೆ ಅದು. ಕ್ಷೇತ್ರದ ಕಾಲುವೆ ಹೊಗಳಿದೆ, ಲೈಬ್ರರಿ ಹೊಗಳಿದೆ, ನಡುವೆ ನೆಟ್ ಹೋಗಿ ಟಿ.ವಿ. ಅರೆಗಳಿಗೆ ನಿಂತಿತು, ಮತ್ತೆ ಬಂದಾಗ ಫುಟ್‌ಬಾಲ್ ತಂಡ, ಅಲ್ಲಿನ ಯಾವುದೋ ಕಡುಬು. ಆಮೇಲೆ ಥ್ಯಾಂಕ್ ಯೂ ಎಂದು ಕೂತೇಬಿಟ್ಟೆ! ಅಲ್ಲ ಕಣೇ, ಮೂರಕ್ಷರ! ಕಡುಬಿಗೆ ಸಿಕ್ಕ ಜಾಗ ನಮ್ಮೂರಿಗೆ ಸಿಗಲಿಲ್ಲವೆ? ಅಪ್ಪ ಯಾರ ಮುಖವನ್ನೂ ನೋಡದೆ ಎದ್ದು ಕುರಿದೊಡ್ಡಿಯ ಕಡೆ ಹೋದರು. ನನಗೆ ಅಳುವೇ ಬಂತು.

ಸಮಯ ಮುಗಿಯಿತು, ಆ ಭಾಗ ಬಿಟ್ಟೆ ಎಂದು ನನಗೆ ಹೇಳಿದೆ. ಅದನ್ನು ಅಪ್ಪನಿಗೆ ಆವತ್ತೇ ಹೇಳಲು ಏನು ಧಾಡಿ? ಈಗ ನಿನ್ನ ಫೋನ್ ಬಂದರೆ ಅವರು ಗಿರೀಶನ ಕೈಗೆ ಕೊಟ್ಟು ಹೊರಗೆ ಹೋಗುತ್ತಾರೆ. "ದೊಡ್ಡೋಳಾಗ್ಯಾಳ, ಬಿಡು" ಅನ್ನುವುದೊಂದೇ ಮಾತು. ನಿಮ್ಮಿಬ್ಬರ ನಡುವೆ ನಾನು ಅಡಕತ್ತರಿಗೆ ಸಿಕ್ಕ ಅಡಿಕೆ.

ಡಿಸೆಂಬರಿನಲ್ಲಿ ಬರುತ್ತೇನೆ, ಊರಿನವರ ಸನ್ಮಾನದಲ್ಲಿ ಎಲ್ಲರೆದುರು ಅಪ್ಪನ ಕ್ಷಮೆ ಕೇಳುತ್ತೇನೆ ಎಂದಿದ್ದೀಯಲ್ಲ, ಕೇಳು. ಕೇಳಲೇಬೇಕು. ನಾಲ್ಕು ಜನರ ಮುಂದೆ ಹೋದ ಮಾನ ನಾಲ್ಕು ಜನರ ಮುಂದೆಯೇ ಬರಲಿ.

ಟಿ.ವಿ.ಯಲ್ಲಿ ತುಂಬ ಇಳಿದುಹೋದಂತೆ ಕಂಡೆ. ಹೊತ್ತಿಗೆ ಸರಿಯಾಗಿ ಉಣ್ಣು.

ಇತಿ,
ಸಿಟ್ಟು ಇನ್ನೂ ಇಳಿಯದ ನಿನ್ನ ಅಕ್ಕ
ಮಮತಾ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಊರಿನಿಂದ ಹೋಟೆಲಿನ ಧರ್ಮಪ್ಪ ಸನ್ಮಾನದ ಕರಪತ್ರದ ಕರಡು ಹಿಡಿದುಕೊಂಡು ಬಂದ. "ಆವತ್ತು ನಡುವೆ ನೆಟ್ ಹೋಗಿ ಟಿ.ವಿ. ನಿಂತಿತ್ತಲ್ಲ ಅಕ್ಕಾರೆ, ಆಗಲೇ ನಮ್ಮೂರ ಹೆಸರು ಹೇಳಿದ್ಳಂತೆ. ಲೋಕಪ್ಪಾರು ಊರಿಗೆಲ್ಲ ಅದನ್ನೇ ಹೇಳ್ತಾರೆ, ಇಲ್ಲ ಅಂದೋರಿಗೆ ಕೋಲು ಎತ್ತಿಕೊಂಡು ಹೋಗ್ತಾರೆ. ದೊಡ್ಡ ಮಗಳು ಆಮೇಲೆ ಮೊಬೈಲಿನಾಗ ಪೂರ್ತಿ ಕೇಳ್ಯಾಳ, ಅವಳನ್ನೇ ಕೇಳ್ರಿ ಅಂದ್ರು. ಹೌದೇನ್ರೀ?" ಎಂದು ಕೇಳಿದ. ನನ್ನ ಹತ್ತಿರ ಒಂದು ಮಾತಾದರೂ ಹೇಳಿದ್ದನಾ ಆ ಮುದುಕ! ನಾನು ಹೌದು ಎಂದುಬಿಟ್ಟೆ. ಕರಪತ್ರದಲ್ಲೂ ಅದನ್ನು ಹಾಕಿಸುತ್ತಾನಂತೆ. ಮೈಕಿನಲ್ಲಿ ಕ್ಷಮೆಗಿಮೆ ಏನೂ ಬೇಡ ಮಾರಾಯ್ತಿ. ವಿಮಾನ ಹತ್ತುವ ಮುಂಚೆ ಏನಾದರೂ ಒಂದು ನೆಪ ಮಾಡಿ ನಿಮ್ಮ ಪಾರ್ಲಿಮೆಂಟಿನಲ್ಲಿ ಎದ್ದು ನಿಂತು ಈಸೂರು ಅನ್ನು. ಅಪ್ಪನ ಮಾತು ಸುಳ್ಳಾಗಬಾರದು.