ಕೊನೆಯುಸಿರಿನ ಅನುವಾದ

ಮಾರ್ಚ್ ೪, ಸೋಮವಾರ

ಲೈಬ್ರರಿಯ ಮಹಡಿ ಕೋಣೆ. ಬೋರ್ಡ್ ಒರೆಸಿ ಕಿಟಕಿ ತೆಗೆದೆ. ಎಂದಿನಂತೆ ನಮ್ಮವರು ಈ ಕಡೆ, ಬೇರೆ ದೇಶದಿಂದ ಬಂದವರು ಆ ಕಡೆ. ನಡುವೆ ನಾನು, ಅವರ ಭಾಷೆ ಅರ್ಧಂಬರ್ಧ ಬಲ್ಲವಳು. ಹೊಸದಾಗಿ ಅಕ್ಷರ ಕಲಿತವರು ಏನಾದರೂ ಬರೆದು ತರಬೇಕು, ನಾನು ಅದನ್ನು ಇನ್ನೊಂದು ಭಾಷೆಗೆ ತಿರುಗಿಸಿ ಓದಬೇಕು. ಒಬ್ಬರಿಗೊಬ್ಬರು ಅರ್ಥವಾಗಲಿ ಅಂತ ಲೈಬ್ರರಿ ಸಾಹೇಬರ ಐಡಿಯಾ.

ಬೇಕರಿ ಅಕ್ಕ ಇವತ್ತು ಪುಟ ತುಂಬ ಬರೆದು ತಂದಿದ್ದರು. ಅಕ್ಷರ ಒಂದೊಂದೂ ಬನ್ನಿನ ಗಾತ್ರ. ಗಂಡನ ಕೊನೆಯ ಬೆಳಗಿನ ಬಗ್ಗೆ.

“ಅವರಿಗೂ ಓದಿ ಹೇಳು ಕಣೆ. ಯಾರ ಹತ್ರಾನೂ ಬಾಯಿಬಿಟ್ಟು ಹೇಳೋಕಾಗಿಲ್ಲ ನನಗೆ.”

ಅನುವಾದಕ್ಕೆ ಕೂತಿದ್ದೇನೆ. ಕಣ್ಣು ಮಂಜು ಮಂಜು.

ಮಾರ್ಚ್ ೬, ಬುಧವಾರ

ಏನಾಯಿತೋ ತಿಳಿಯುತ್ತಿಲ್ಲ.

ಓದುತ್ತಿದ್ದೆ. ಹಾಸಿಗೆ... ಕೈ ಹಿಡಿದದ್ದು... ಅವರು ಕೊನೆಯುಸಿರು ಬಿಟ್ಟದ್ದು. ಆ ಸಾಲು ಬಂದದ್ದೇ ತಡ, ಆ ಕಡೆಯಿಂದ ಕಿಸಕ್ಕನೆ ನಗು. ಮೊದಲು ಟೈಲರಮ್ಮ. ಆಮೇಲೆ ಸಾಲಿಗೆ ಸಾಲೇ.

ಬೇಕರಿ ಅಕ್ಕ ಎದ್ದು ನಿಂತರು. “ಸಾವಿಗೂ ನಗ್ತಾರಾ? ಇಂಥವರ ಜೊತೆ ಕೂತು ಓದ್ಬೇಕಾ ನಾನು?” ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ಹಿಂದೆಯೇ ನಮ್ಮವರೆಲ್ಲ.

ನನಗೂ ಮೈ ಉರಿಯಿತು. ಆದರೆ ಟೈಲರಮ್ಮ ಅಂಥವಳಲ್ಲ. ನನಗೆ ಜ್ವರ ಬಂದಾಗ ಮನೆಗೆ ಬಂದು ತಲೆ ಒತ್ತಿದವಳು. ಹಾಗಾದರೆ...?

ಮಾರ್ಚ್ ೭, ಗುರುವಾರ

ಅವಳ ಅಂಗಡಿಗೇ ಹೋಗಿ ಕೇಳಿದೆ. ಕೊರಳಲ್ಲಿ ಟೇಪು, ತಲೆ ಎತ್ತಲೊಲ್ಲಳು.

“ಅಕ್ಕಾ, ನೀನು ಓದಿದ್ದು... ಗಂಡ ಮಲಗಿದ್ದ, ಹೆಂಡ್ತಿ ಕೈ ಹಿಡಿದ್ಲು, ಅವನು...” ಮಾತು ಸಿಗದೆ ಬಾಯಲ್ಲಿ ‘ಪುರ್ರ್’ ಅಂತ ಒಂದು ಶಬ್ದ ಮಾಡಿದಳು.

ಅರ್ಥವಾಯಿತು. ಅವರ ಭಾಷೆಯಲ್ಲಿ ಉಸಿರಿಗೂ ಗಾಳಿಗೂ ಒಂದೇ ಪದ. ಅದಕ್ಕೆ ನಾನು ‘ಬಿಟ್ಟರು’ ಅಂತ ಸೇರಿಸಿದ್ದೇನೆ. ದೇವರೇ!

“ಸತ್ತಿದ್ದು ಅಂತ ಗೊತ್ತೇ ಆಗ್ಲಿಲ್ಲ ಅಕ್ಕಾ. ತಮಾಷೆ ಕಥೆ ಅಂದ್ಕೊಂಡ್ವಿ.” ಅವಳ ಕಣ್ಣಲ್ಲಿ ನೀರು.

ಮನೆಯಲ್ಲಿ ಹೇಳಿದರೆ ನಮ್ಮ ಯಜಮಾನರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ, “ಆಯಮ್ಮಂಗೆ ಹೋಗಿ ಹೇಳ್ಬಿಡು.” ಹೇಗೆ ಹೇಳುವುದು? ಅಕ್ಕಾ, ನಿಮ್ಮ ಯಜಮಾನರನ್ನು ನಾನು... ಛೆ.

ಮಾರ್ಚ್ ೧೨, ಮಂಗಳವಾರ

ಕ್ಲಾಸಿಗೆ ಯಾರೂ ಬರುತ್ತಿಲ್ಲ. ಹೀಗಾದರೆ ಕೋಣೆ ಕಂಪ್ಯೂಟರ್ ಕ್ಲಾಸಿಗೆ ಕೊಡುತ್ತಾರಂತೆ ಸಾಹೇಬರು. ಬೇಕರಿಗೆ ಹೋಗುವುದು, ಬಾಯಿ ಬರದೆ ಬ್ರೆಡ್ ಕೊಂಡು ವಾಪಸ್ಸಾಗುವುದು. ಮನೆ ತುಂಬ ಬ್ರೆಡ್ಡು.

ಮಾರ್ಚ್ ೧೪, ಗುರುವಾರ

ಹೇಳಿದೆ.

ಹಿಟ್ಟು ನಾದುತ್ತಿದ್ದ ಕೈ ನಿಂತಿತು. ಮುಖ ಕೆಂಪಾಯಿತು. ಹೊಡೆದೇಬಿಡುತ್ತಾರೆ ಅಂದುಕೊಂಡೆ. ಭುಜ ಕುಲುಕತೊಡಗಿತು. ಅಳುವೋ ನಗುವೋ... ಎರಡೂ.

“ಲೇ, ನಿಜಕ್ಕೂ ಆಗಿದ್ದು ಅದೇ ಕಣೆ! ಅದೂ ಎಷ್ಟು ಜೋರಾಗಿ! ‘ಏನ್ರೀ ಇದು, ಅಸಹ್ಯ’ ಅಂತ ಬೈದೆ. ಅವರು ನಕ್ಕರು. ನಗ್ತಾ ನಗ್ತಾನೇ ಹೋಗ್ಬಿಟ್ರು. ನಾನು ಕೊನೇದಾಗಿ ಆಡಿದ ಮಾತು ಅದು. ಹೇಗೆ ಬರೀಲಿ ಹೇಳು?”

ಹಾಗಾದರೆ ನಾನು ಓದಿದ್ದು ತಪ್ಪೋ, ಸರಿಯೋ? ತಿದ್ದಲೇ ಅಂತ ಕೇಳಿದೆ.

“ನಿಂದು ಹಾಗೇ ಇರ್ಲಿ. ನಾನೇ ನಂದನ್ನ ತಿದ್ಕೊತೀನಿ.”

ಮಾರ್ಚ್ ೧೮, ಸೋಮವಾರ

ಅಕ್ಕ ಹೇಳಿ ಕಳಿಸಿದ್ದರಂತೆ, ಎಲ್ಲರೂ ಬಂದರು. ಅಕ್ಕ ತಿದ್ದಿದ್ದನ್ನು ತಾವೇ ಓದಿದರು. ನಾನು ಹಿಂದೆಯೇ ಆ ಕಡೆಯವರ ಭಾಷೆಯಲ್ಲಿ. ಎರಡೂ ಕಡೆಯವರು ನಕ್ಕರು. ಬೈದ ಸಾಲಿಗೆ ಎರಡೂ ಕಡೆಯ ನಗು ಒಟ್ಟಿಗೇ ನಿಂತಿತು. ನಗಬೇಕಿತ್ತೋ ಅಳಬೇಕಿತ್ತೋ, ನನಗೆ ಗೊತ್ತಾಗಲಿಲ್ಲ. ಟೈಲರಮ್ಮ ಎದ್ದು ಹೋಗಿ ಅಕ್ಕನ ಪಕ್ಕ ಕೂತಳು.

ಹೊರಡುವಾಗ ನನಗೊಂದು ಚೀಟಿ ಕೊಟ್ಟಳು. ನಮ್ಮ ಭಾಷೆಯಲ್ಲೇ ಬರೆದಿದ್ದಾಳೆ:

“ಮಗಳು ನೀರಿಗೆ ಹೋದಳು. ಬೆಳಕು ಇತ್ತು. ನಾನು ಬಾಗಿಲು ಹಾಕಲಿಲ್ಲ.”

ಮಗಳಿದ್ದಳು ಅಂತ ಅವಳು ಎಂದೂ ಹೇಳಿರಲಿಲ್ಲ.

ಮಾರ್ಚ್ ೧೯, ಮಂಗಳವಾರ

ನೀರಿಗೆ ಹೋದಳು. ತರಲು ಹೋದಳೇ? ಅಥವಾ... ಒಮ್ಮೆ ಓದಿದರೆ ಕೊಡ ಹಿಡಿದ ಹುಡುಗಿ. ಇನ್ನೊಮ್ಮೆ ಓದಿದರೆ ಎದೆ ಧಸಕ್ಕೆನ್ನುತ್ತದೆ. ಪದ ತಪ್ಪಿ ಬರೆದಳೋ, ತಿಳಿದೇ ಬರೆದಳೋ. ಈ ಸಲ ಊಹೆ ಮಾಡಲಾರೆ. ಕೇಳಬೇಕು. ಕೇಳಿ, ಬರೀ ಕೊಡವಾಗಿದ್ದರೆ? ಆಗಿರದಿದ್ದರೆ?

ಮಾರ್ಚ್ ೨೦, ಬುಧವಾರ, ಸಂಜೆ ೫

ತಡೆಯಲಾರದೆ ಬೆಳಿಗ್ಗೆ ಅಕ್ಕನಿಗೆ ಚೀಟಿ ತೋರಿಸಿದ್ದೆ, ಕೊಡವೋ ಏನೋ ಅಂತ. ಸಂಜೆ ಬೇಗ ಬಂದು ಕೂತಿದ್ದೆ. ಮೆಟ್ಟಿಲ ಮೇಲೆ ಇಬ್ಬರ ಹೆಜ್ಜೆ. ಬೇಕರಿ ಅಕ್ಕ, ಅವರ ಹಿಂದೆ ಟೈಲರಮ್ಮ.

“ಪದ ಸರಿಯಾಗೇ ಬರ್ದಿದ್ದಾಳೆ,” ಅಂದರು ಅಕ್ಕ ಮೆಲ್ಲಗೆ. “ಕೊಡ ಅಲ್ಲ ಕಣೆ. ಹೊಳೆ.”

“ನಿಮಗೆ ಯಾವ ಭಾಷೇಲಿ ಹೇಳಿದ್ಲು?”

“ಯಾವುದೋ. ಗೊತ್ತಾಯ್ತು.”

ಹೇಗೆ ಗೊತ್ತಾಯಿತು? ಇಬ್ಬರ ನಡುವೆ ನಾನಿಲ್ಲದೆ? ನನಗೇನೂ ತಿಳಿಯುತ್ತಿಲ್ಲ.

ಟೈಲರಮ್ಮ ಎದುರು ಕೂತಿದ್ದಾಳೆ. ಪೂರ್ತಿ ಹೇಳುತ್ತಾಳಂತೆ, ನಾನು ಬರೆದುಕೊಳ್ಳಬೇಕಂತೆ. ಬೇರೆ ಕಾಗದ ಕೈಗೆ ಸಿಗುತ್ತಿಲ್ಲ, ಈ ಡೈರಿಯಲ್ಲೇ... ಅಕ್ಕ ಅವಳ ಕೈ ಹಿಡಿದುಕೊಂಡಿದ್ದಾರೆ. ಶುರು ಮಾಡಿದಳು. ಮಗಳಿಗೆ ಆಗ—